ಸತ್ತ ಬಾಂಡ್ ಮತ್ತೆ ಹೇಗೆ ಬರುತ್ತಾನೆ? ಮಗಳಿಗೆ ಏನು ಹೇಳಲಿ?

ಹಳೇಟಿಕೆಟ್ | 2025 ಆಗಸ್ಟ್ 9, ಬೆಳಿಗ್ಗೆ 10.40

ಕಳೆದ ವಾರ ಮಳೆ ಬಿಡಲಿಲ್ಲ. ಮನೆಯಲ್ಲೇ ಕುಳಿತು ಹನ್ನೆರಡು ವರ್ಷದ ಮಗಳಿಗೆ ಡೇನಿಯಲ್ ಕ್ರೇಗ್ ನಟಿಸಿದ ಐದೂ ಬಾಂಡ್ ಚಿತ್ರಗಳನ್ನು ಸಾಲಾಗಿ ತೋರಿಸಿದೆ. (ಬೇಡದ ಕಡೆ ರಿಮೋಟ್ ಒತ್ತಿದ್ದೇನೆ, ಬಯ್ಯಬೇಡಿ.) ಐದನೆಯದರ ಕೊನೆಗೆ ದ್ವೀಪದ ಮೇಲೆ ಕ್ಷಿಪಣಿಗಳು ಬಿದ್ದು ಬಾಂಡ್ ಸತ್ತ. ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಹೆಸರುಗಳೆಲ್ಲ ಸರಿದು ಮುಗಿದ ಮೇಲೆ, ಜೇಮ್ಸ್ ಬಾಂಡ್ ಮತ್ತೆ ಬರುತ್ತಾನೆ ಎಂಬ ಸಾಲು ಕಾಣಿಸಿಕೊಂಡಿತು. ಅಳು ಅಲ್ಲಿಗೇ ನಿಂತು ಸಿಟ್ಟು ಶುರುವಾಯಿತು. "ಸತ್ತವನು ಹೇಗೆ ಬರುತ್ತಾನೆ? ಹಾಗಾದರೆ ನನ್ನನ್ನು ಸುಮ್ಮನೆ ಅಳಿಸಿದರೇ?"

ಬೇರೆ ನಟ ಬರುತ್ತಾನೆ ಪುಟ್ಟಿ ಎಂದೆ. "ನಟ ಬೇರೆ, ಸರಿ. ಬಾಂಡ್ ಅವನೇನಾ ಬೇರೆಯವನಾ?" ಎಂದಳು. ನನ್ನ ಬಳಿ ಉತ್ತರ ಇರಲಿಲ್ಲ. ಪಕ್ಕದಲ್ಲಿ ಪತ್ರಿಕೆ ಓದುತ್ತಿದ್ದ ಅಪ್ಪ (ವಯಸ್ಸು 76, ಅವರ ಪಾಲಿಗೆ ಶಾನ್ ಕಾನರಿಯ ನಂತರ ಬಾಂಡ್ ಇಲ್ಲವೇ ಇಲ್ಲ) ತಲೆ ಎತ್ತದೆ, "ಅವನು 1971ರಲ್ಲೇ ಹೋದ, ಈಗ ಅಳುತ್ತಿದ್ದೀರಾ" ಎಂದರು.

ಹೊಸ ಚಿತ್ರಕ್ಕೆ ಡೆನಿ ವಿಲ್ನವ್ ನಿರ್ದೇಶಕರೆಂದು ಜೂನ್‌ನಲ್ಲಿ ಹೇಳಿದರು. ಚಿತ್ರಕಥೆ ಸ್ಟೀವನ್ ನೈಟ್ ಅವರದೆಂದು ಈಗಷ್ಟೇ ಸುದ್ದಿ ಬಂದಿದೆ. ನಾಯಕನ ಹೆಸರು ಮಾತ್ರ ಇನ್ನೂ ಹೊರಬಿದ್ದಿಲ್ಲ. ಯಾರು ಬರಬೇಕು ಎಂಬ ಜಗಳವನ್ನು ನೀವು ಹೇಗೂ ಆಡುತ್ತೀರಿ. ಅದಕ್ಕೆ ಮೊದಲು ಮಗಳ ಪ್ರಶ್ನೆಗೆ ಯಾರಾದರೂ ಉತ್ತರ ಹೇಳಿ.

ಲೆಕ್ಕದಮೇಷ್ಟ್ರು
ಇದು ಶುದ್ಧ ಲೆಕ್ಕ. 1962ರಲ್ಲಿ ಮೊದಲ ಚಿತ್ರ ಬಂದಾಗ ಕಾನರಿಗೆ 32 ವರ್ಷ. ಬಾಂಡ್ ಒಬ್ಬನೇ ವ್ಯಕ್ತಿಯಾದರೆ 2021ರಲ್ಲಿ ಅವನಿಗೆ 91 ಆಗಿರಬೇಕು. ಆ ವಯಸ್ಸಿನಲ್ಲಿ ಮೆಟ್ಟಿಲು ಹತ್ತುವುದೇ ಸಾಹಸ. ಆದ್ದರಿಂದ ಜೇಮ್ಸ್ ಬಾಂಡ್ ಎನ್ನುವುದು ವ್ಯಕ್ತಿಯ ಹೆಸರಲ್ಲ, ಹುದ್ದೆಯ ಹೆಸರು. ಒಬ್ಬ ನಿವೃತ್ತನಾದರೆ ಇನ್ನೊಬ್ಬನಿಗೆ ಅದೇ ಹೆಸರು. ನಮ್ಮ ಊರಿನ ಶಾನುಭೋಗರ ಹಾಗೆ. ಮಗಳಿಗೆ ಇಷ್ಟು ಹೇಳಿ, ಸಾಕು.

ಗುಪ್ತಕಡತ
ಮೇಷ್ಟ್ರೇ, ಈ ಗುಪ್ತನಾಮದ ವಾದವನ್ನು ಎಷ್ಟು ಸಲ ಹೂತರೂ ಅದು ಎದ್ದು ಬರುತ್ತದೆ, ಬಾಂಡ್‌ನ ಹಾಗೆಯೇ. 1969ರ ಚಿತ್ರದಲ್ಲಿ ಬಾಂಡ್ ಟ್ರೇಸಿಯನ್ನು ಮದುವೆಯಾಗುತ್ತಾನೆ, ಅದೇ ದಿನ ಅವಳ ಕೊಲೆಯಾಗುತ್ತದೆ. ಆಗ ನಟ ಜಾರ್ಜ್ ಲೇಜನ್‌ಬಿ. 1981ರ ಚಿತ್ರ ಶುರುವಾಗುವುದೇ ಬಾಂಡ್ ಟ್ರೇಸಿಯ ಸಮಾಧಿಗೆ ಹೂ ಇಡುವುದರಿಂದ. ಆಗ ನಟ ರೋಜರ್ ಮೂರ್. ಹಿಂದಿನ ಶಾನುಭೋಗರ ಹೆಂಡತಿಯ ಸಮಾಧಿಗೆ ಹೊಸ ಶಾನುಭೋಗರು ಹೂ ಒಯ್ಯುತ್ತಾರೆಯೇ?

'ಸ್ಕೈಫಾಲ್' ಚಿತ್ರದಲ್ಲಂತೂ ಅಪ್ಪ ಅಮ್ಮನ ಸಮಾಧಿ ಕಲ್ಲನ್ನೇ ತೋರಿಸಿದ್ದಾರೆ, ಮೇಲೆ ಬಾಂಡ್ ಎಂದು ಕೆತ್ತಿದೆ. ಅದು ಹುಟ್ಟಿದ ಹೆಸರು. ಕೈಯಿಂದ ಕೈಗೆ ಹೋಗುವುದು 007 ಎಂಬ ಸಂಖ್ಯೆ ಮಾತ್ರ. ಕೊನೆಯ ಚಿತ್ರದಲ್ಲಿ ಆ ಸಂಖ್ಯೆ ಲಶಾನಾ ಲಿಂಚ್ ಮಾಡಿದ ನೋಮಿ ಎಂಬ ಪಾತ್ರದ ಬಳಿ ಇತ್ತಲ್ಲ. ಅವಳನ್ನು ಯಾರೂ ಬಾಂಡ್ ಎಂದು ಕರೆಯಲಿಲ್ಲ.

ಬೈಟೂಬಾಬು
ಮೇಷ್ಟ್ರೇ, ಗಂಟೆ ಹೊಡೆಯಿತು, ತರಗತಿ ಬಿಡಿ.

ಲೆಕ್ಕದಮೇಷ್ಟ್ರು
ಇಷ್ಟು ಬೇಗ ಬಿಡುವುದಿಲ್ಲ. ಹಾಗಾದರೆ ಜೂಡಿ ಡೆಂಚ್ ಕಥೆ ಏನು? 1995ರಿಂದ ಪಿಯರ್ಸ್ ಬ್ರಾಸ್ನನ್ ಮಾಡಿದ ಬಾಂಡ್‌ಗೆ ಅವರೇ ಮೇಲಧಿಕಾರಿ. 2006ರಲ್ಲಿ ಕ್ರೇಗ್ ಬಂದಾಗ ಕಥೆ ಹೊಸದಾಗಿ ಶುರು, ಬಾಂಡ್‌ಗೆ ಕೊಲ್ಲುವ ಪರವಾನಗಿ ಸಿಕ್ಕಿದ್ದೇ ಆಗ. ಆದರೆ ಕುರ್ಚಿಯಲ್ಲಿ ಅದೇ ಡೆಂಚ್! ಸಮಾಧಿ ನೋಡಿದಿರಿ, ಕುರ್ಚಿ ನೋಡಲಿಲ್ಲ.

ಗುಪ್ತಕಡತ
ಅಷ್ಟು ಒಳ್ಳೆಯ ನಟಿಯನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಾಗಲಿಲ್ಲ. ಅದಕ್ಕೆ ತರ್ಕ ಇಲ್ಲ, ಇರಬೇಕಾಗಿಯೂ ಇಲ್ಲ.

ಚೌಕಿಮನೆ
ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಿ ಮಾರಾಯರೇ? ನಮ್ಮ ಕುಮಟಾ, ಹೊನ್ನಾವರದ ಕಡೆ ಇದು ಪ್ರಶ್ನೆಯೇ ಅಲ್ಲ. ನಿನ್ನೆ ರಾತ್ರಿ ಯಕ್ಷಗಾನದ ಗದಾಯುದ್ಧದಲ್ಲಿ ಕೌರವ ತೊಡೆ ಮುರಿದುಕೊಂಡು ಬಿದ್ದ. ಇವತ್ತು ರಾತ್ರಿ ಪಕ್ಕದ ಊರಿನ ಗದ್ದೆಯಲ್ಲಿ ಬೇರೆ ಮೇಳದ ಕೌರವ ಮೀಸೆ ತಿರುವುತ್ತ ರಂಗಕ್ಕೆ ಬರುತ್ತಾನೆ. ನಿನ್ನೆ ಸತ್ತೆಯಲ್ಲ ಎಂದು ಯಾರೂ ತಗಾದೆ ತೆಗೆಯುವುದಿಲ್ಲ. ಕೇಳುವುದು ಒಂದೇ ಮಾತು: ಇವತ್ತು ಕೌರವ ಯಾರದು?

ನಮ್ಮ ಅಜ್ಜ ಯಕ್ಷಗಾನದ ಹೆಸರಾಂತ ಕಲಾವಿದ ಚಿಟ್ಟಾಣಿಯವರ ಕೀಚಕ ನೋಡಿದವರು. ಬೇರೆ ಯಾರ ಕೀಚಕ ಬಂದರೂ ಕಂಬಳಿ ಎಳೆದುಕೊಂಡು ಚಾಪೆಯ ಮೇಲೆ ಮಲಗಿಬಿಡುತ್ತಿದ್ದರು. ಆದರೆ ಎದ್ದು ಮನೆಗೆ ಹೋದವರಲ್ಲ. ಚಂಡೆ ಜೋರಾದಾಗ ಕಂಬಳಿಯ ಸಂದಿಯಿಂದ ಒಂದು ಕಣ್ಣು ಹೊರಗೆ. ಹಳೇಟಿಕೆಟ್ ಅವರೇ, ನಿಮ್ಮ ತಂದೆಯವರೂ ಇದೇ ಜಾತಿಯ ಪ್ರೇಕ್ಷಕರು. ಹೊಸ ಬಾಂಡ್ ಬರಲಿ, ಪತ್ರಿಕೆ ಅಡ್ಡ ಹಿಡಿದು ನೋಡುತ್ತಾರೆ.

ಹಳೇಟಿಕೆಟ್
ಪತ್ರಿಕೆಯ ಸಂಗತಿ ನಿಮಗೆ ಹೇಗೆ ತಿಳಿಯಿತು! ಕ್ರೇಗ್‌ನ ಐದು ಚಿತ್ರ ಮುಗಿಯುವವರೆಗೂ ಅವರು ಓದಿದ್ದು ಒಂದೇ ಪುಟ.

ಕಾಫಿಪುಡಿ
ಚೌಕಿಮನೆಯವರ ಮಾತು ಚೆನ್ನಾಗಿದೆ, ಆದರೆ ಅರ್ಧ ಮಾತ್ರ ಒಪ್ಪುತ್ತೇನೆ. ಕೌರವ ಯಾರದಾದರೂ ಅವನ ಕಥೆ ಮೊದಲೇ ನಿಂತಿದೆ. ಬಾಂಡ್ ಹಾಗಲ್ಲ. ನಟ ಬದಲಾದರೆ ಪಾತ್ರದ ಎಲುಬೇ ಬದಲಾಗುತ್ತದೆ. ಕಾನರಿಯನ್ನು ಆರಿಸಿದಾಗ ಲೇಖಕ ಇಯಾನ್ ಫ್ಲೆಮಿಂಗ್‌ಗೆ ಅಷ್ಟೇನೂ ಹಿಡಿಸಿರಲಿಲ್ಲ. ಲಾರಿ ಓಡಿಸಿ, ಹಾಲು ಹಂಚಿ ಬೆಳೆದ ಎಡಿನ್‌ಬರೊ ಹುಡುಗ ನನ್ನ ಬಾಂಡ್ ಹೇಗಾದಾನು ಎಂಬ ಅನುಮಾನ. ನಿರ್ದೇಶಕ ಟೆರೆನ್ಸ್ ಯಂಗ್ ಅವನನ್ನು ತನ್ನ ದರ್ಜಿಯ ಬಳಿ ಕರೆದೊಯ್ದು ಸೂಟು ಹೊಲಿಸಿದರು, ನಡೆ ನುಡಿ ತಿದ್ದಿದರು. ಪರದೆಯ ಮೇಲೆ ನೋಡಿದ ಮೇಲೆ ಫ್ಲೆಮಿಂಗ್ ತಾವೇ ಸೋತರು. ಮುಂದಿನ ಕಾದಂಬರಿಗಳಲ್ಲಿ ಬಾಂಡ್‌ನ ತಂದೆ ಸ್ಕಾಟ್ಲೆಂಡಿನವನಾದ! ನಟನನ್ನು ನೋಡಿ ಲೇಖಕ ಪಾತ್ರದ ಅಪ್ಪನ ಊರನ್ನೇ ಗೊತ್ತುಮಾಡಿದ. ವ್ಯಾಸರು ಹೀಗೆ ಮಾಡಿದ್ದುಂಟೇ?

ಮೂರ್ ಬಂದಾಗ ಹುಬ್ಬು ಹಾರಿಸಿ ನಗಿಸುವ ಬಾಂಡ್, ಡಾಲ್ಟನ್ ಬಂದಾಗ ಹಲ್ಲು ಕಚ್ಚಿದ ಬಾಂಡ್, ಕ್ರೇಗ್ ಬಂದಾಗ ಏಟು ತಿಂದು ರಕ್ತ ಒರೆಸಿಕೊಳ್ಳುವ ಬಾಂಡ್. ಮಗಳಿಗೆ ನನ್ನ ಉತ್ತರ: ಅವಳು ಅತ್ತದ್ದು ಕ್ರೇಗ್‌ನ ಬಾಂಡ್‌ಗಾಗಿ. ಅವನು ನಿಜವಾಗಿಯೂ ಸತ್ತಿದ್ದಾನೆ. ಅಳು ವ್ಯರ್ಥವಾಗಲಿಲ್ಲ.

ಚೌಕಿಮನೆ
ಕಾಫಿಪುಡಿಯವರಿಗೆ ತಾಳಮದ್ದಲೆ (ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೇಳಿಸಬೇಕು. ಪದ್ಯ ಭಾಗವತರದ್ದು, ಅರ್ಥ ಕಲಾವಿದನದ್ದು. ಒಬ್ಬರ ಕೌರವ ಬರೀ ಹಟಮಾರಿ, ಇನ್ನೊಬ್ಬರ ಕೌರವ ಮಾತಿಗೆ ಕುಳಿತರೆ ಕೃಷ್ಣನೇ ತಪ್ಪಿತಸ್ಥ ಎನಿಸುತ್ತದೆ. ಎಲುಬು ನಮ್ಮಲ್ಲೂ ಬದಲಾಗುತ್ತದೆ.

ಕಾಫಿಪುಡಿ
ಸರಿ, ಮುಕ್ಕಾಲು ಒಪ್ಪಿದೆ.

ಬರ್ಮಿಂಗ್‌ಹ್ಯಾಂಭಟ್ಟ
ಸ್ಟೀವನ್ ನೈಟ್ ನಾನಿರುವ ಊರಿನಲ್ಲಿ ಬೆಳೆದವರು, ಈ ಊರಿನ ರೌಡಿಗಳ ಮೇಲೆ ಧಾರಾವಾಹಿ ಬರೆದು ಲೋಕಕ್ಕೆಲ್ಲ ಗೊತ್ತಾದವರು. ನಮ್ಮ ಕಚೇರಿಯಲ್ಲಿ ಈಗ ಎಲ್ಲರಿಗೂ ಬಾಂಡ್ ತಮ್ಮ ಸೋದರಮಾವನ ಮಗ ಎಂಬ ಧಿಮಾಕು.

ಇಲ್ಲಿ ಮುಂದಿನ ಬಾಂಡ್ ಯಾರು ಎಂಬುದರ ಮೇಲೆ ಬಾಜಿ ಕಟ್ಟುವ ಅಂಗಡಿಗಳಿವೆ. ಸಹೋದ್ಯೋಗಿ ಒಬ್ಬ ವರ್ಷಗಟ್ಟಲೆ ಇಡ್ರಿಸ್ ಎಲ್ಬಾ ಮೇಲೆ ಹತ್ತು ಹತ್ತು ಪೌಂಡ್ ಕಟ್ಟಿ ಕಳೆದ. ಕಳೆದ ವರ್ಷ ಆರನ್ ಟೇಲರ್-ಜಾನ್ಸನ್ ಹೆಸರು ಗಟ್ಟಿಯಾಗಿ ಕೇಳಿಬಂದಾಗ ಅತ್ತ ಜಿಗಿದ. ಈಗ ಇನ್ನೂ ಎಳೆಯ ಹುಡುಗರ ಹೆಸರುಗಳು ಓಡಾಡುತ್ತಿವೆ, ಅವನು ಪರ್ಸು ಮುಚ್ಚಿ ಕುಳಿತಿದ್ದಾನೆ.

ಗಾಳಿಸುದ್ದಿಯಿಂದ ಈ ಪಾತ್ರ ಸಿಕ್ಕಿದ್ದು ಕಡಿಮೆ. ಲೇಜನ್‌ಬಿಯ ಹೆಸರನ್ನು ಯಾರು ಕೇಳಿದ್ದರು? ಆಸ್ಟ್ರೇಲಿಯಾದವನು, ಜಾಹೀರಾತಿನ ರೂಪದರ್ಶಿ, ಚಾಕೊಲೇಟ್ ಜಾಹೀರಾತಿನಿಂದ ಹೆಸರಾಗಿದ್ದವನು. ಕಾನರಿಯ ಕ್ಷೌರಿಕನ ಬಳಿ ತಲೆ ಕತ್ತರಿಸಿಕೊಂಡು, ಕಾನರಿಯ ದರ್ಜಿಯ ಬಳಿಯ ಸೂಟು ತೊಟ್ಟು ನಿರ್ಮಾಪಕರ ಮುಂದೆ ಹೋಗಿ ನಿಂತ. ಪರೀಕ್ಷೆಗೆ ಹೊಡೆದಾಟ ಮಾಡಿಸಿದಾಗ ಎದುರಿನವನ ಮೂಗು ಮುರಿದ. ಪಾತ್ರ ಸಿಕ್ಕಿತು!

ಬೈಟೂಬಾಬು
ಮೂಗು ಮುರಿದವನಿಗೆ ಒಂದೇ ಚಿತ್ರವೇಕೆ ಸಿಕ್ಕಿತು?

ಬರ್ಮಿಂಗ್‌ಹ್ಯಾಂಭಟ್ಟ
ಅವನೇ ಬಿಟ್ಟ. ಹಿಪ್ಪಿಗಳ ಕಾಲ ಬಂದಿದೆ, ಸೂಟು ಬೂಟಿನ ಗೂಢಚಾರನನ್ನು ಇನ್ನು ಯಾರೂ ನೋಡುವುದಿಲ್ಲ ಎಂದು ಅವನ ಸಲಹೆಗಾರ ತಲೆ ತುಂಬಿದ. ಮುಂದಿನ ಚಿತ್ರಗಳ ಕರಾರು ಮುಂದಿಟ್ಟರೂ ಸಹಿ ಹಾಕಲಿಲ್ಲ. ಮೊದಲ ಪ್ರದರ್ಶನಕ್ಕೆ ಉದ್ದ ಕೂದಲು, ಗಡ್ಡ ಬಿಟ್ಟುಕೊಂಡು ಬಂದ. ನಿರ್ಮಾಪಕರು ಮತ್ತೆ ಕಾನರಿಯ ಬಾಗಿಲು ತಟ್ಟಬೇಕಾಯಿತು, ಅವನು ಹನ್ನೆರಡೂವರೆ ಲಕ್ಷ ಡಾಲರ್ ಕೇಳಿದ. ಆ ಹಣದಲ್ಲಿ ಸ್ಕಾಟ್ಲೆಂಡಿನ ಮಕ್ಕಳ ಓದಿಗೆ ಟ್ರಸ್ಟ್ ಕಟ್ಟಿದ, ಅದು ಬೇರೆ ಮಾತು. ಹಳೇಟಿಕೆಟ್ ಅವರ ತಂದೆ ಹೇಳಿದ 1971 ಅದೇ.

ಗುಪ್ತಕಡತ
ಕೈಗೆ ಬಂದ ತುತ್ತು ಬಾಯಿಗೆ ಬಾರದ ಕಥೆ ಬೇಕಾದರೆ ಬ್ರಾಸ್ನನ್‌ನದು. 1986ರಲ್ಲಿ ಅವನೇ ಬಾಂಡ್ ಎಂದು ಗೊತ್ತಾಗಿತ್ತು. ಅವನು ನಟಿಸುತ್ತಿದ್ದ ಅಮೆರಿಕದ ಟಿವಿ ಧಾರಾವಾಹಿ ನಿಂತುಹೋಗಿತ್ತು. ಬಾಂಡ್ ಆಗುತ್ತಾನೆ ಎಂಬ ಸುದ್ದಿಯಿಂದಲೇ ಧಾರಾವಾಹಿಗೆ ಮತ್ತೆ ಬೇಡಿಕೆ ಬಂತು, ಚಾನೆಲ್‌ನವರು ಕರಾರು ತೋರಿಸಿ ಹಿಡಿದು ನಿಲ್ಲಿಸಿಕೊಂಡರು. ಪಾತ್ರ ಟಿಮೊಥಿ ಡಾಲ್ಟನ್‌ಗೆ ಹೋಯಿತು. ಡಾಲ್ಟನ್‌ನದು ಎರಡೇ ಚಿತ್ರ, 1987 ಮತ್ತು 1989. ಆಮೇಲೆ ಕಾನೂನು ಜಗಳ, ಆರು ವರ್ಷ ಬಾಂಡ್ ಇಲ್ಲವೇ ಇಲ್ಲ. 1995ರ 'ಗೋಲ್ಡನ್‌ಐ' ಹೊತ್ತಿಗೆ ಬ್ರಾಸ್ನನ್ ಕಾದು ಕಾದು ಪಾತ್ರ ಪಡೆದ.

ಕಾಫಿಪುಡಿ
ಅದನ್ನು ಬ್ರಿಗೇಡ್ ರಸ್ತೆಯಲ್ಲಿ ನೋಡಿದ್ದೆ, ಹದಿನಾಲ್ಕು ವರ್ಷ ನನಗೆ. ಅಣೆಕಟ್ಟಿನ ಮೇಲಿಂದ ಅವನು ಧುಮುಕಿದಾಗ ಪಕ್ಕದ ಸೀಟಿನವರ ಪಾಪ್‌ಕಾರ್ನ್ ನನ್ನ ತೊಡೆಯ ಮೇಲೆ ಚೆಲ್ಲಿತು. ನನ್ನ ಬಾಂಡ್ ಇಂದಿಗೂ ಅವನೇ. ಹದಿನಾಲ್ಕರಲ್ಲಿ ಯಾರನ್ನು ನೋಡಿದಿರೋ ಅವನೇ ನಿಮ್ಮವನು, ತರ್ಕವೆಲ್ಲ ಆಮೇಲೆ.

ಬೈಟೂಬಾಬು
ಬ್ರಿಗೇಡ್ ರಸ್ತೆಯೋ ರೆಸಿಡೆನ್ಸಿ ರಸ್ತೆಯೋ? ನಾನು ನೋಡಿದ್ದು ಗೆಲಾಕ್ಸಿಯಲ್ಲಿ.

ಕಾಫಿಪುಡಿ
ಪಾಪ್‌ಕಾರ್ನ್ ನನ್ನ ತೊಡೆಯ ಮೇಲೆ ಬಿದ್ದದ್ದು, ನಿಮ್ಮದರ ಮೇಲಲ್ಲ. ರೆಕ್ಸ್.

ಬೈಟೂಬಾಬು
ಎರಡೂ ಈಗಿಲ್ಲ, ಜಗಳ ಯಾಕೆ. ಪ್ಲಾಜಾ ಇದ್ದ ಕಡೆ ಮೆಟ್ರೊ ಇಳಿಯುತ್ತೇವೆ.

ಅಣ್ಣಾವ್ರಅಭಿಮಾನಿ
ಇಷ್ಟು ಹೊತ್ತಾದರೂ ಒಬ್ಬರಾದರೂ ಸಿ.ಐ.ಡಿ. 999 ಹೆಸರು ಎತ್ತಿದ್ದೀರಾ? ನಾಚಿಕೆಯಾಗಬೇಕು. ದೊರೆ–ಭಗವಾನ್ ಜೋಡಿ, ರಾಜಕುಮಾರ್ ನಾಯಕ, 1968ರಲ್ಲಿ 'ಗೋವಾದಲ್ಲಿ ಸಿ.ಐ.ಡಿ. 999' ಚಿತ್ರದಿಂದ ಕನ್ನಡಕ್ಕೂ ಬಾಂಡ್ ಬಂದ. ಪೌರಾಣಿಕದಲ್ಲಿ ಕಿರೀಟ ಹೊತ್ತವರೇ ಕೋಟು ತೊಟ್ಟು ಪಿಸ್ತೂಲು ಹಿಡಿದರು.

ಗುಪ್ತಕಡತ
ಅಭಿಮಾನ ಸರಿ, ಇಸವಿಯೂ ಸರಿ, ಮೊದಲನೆಯದು ಮಾತ್ರ ಅದಲ್ಲ. ಅದೇ ವರ್ಷ ಅದಕ್ಕಿಂತ ಮುಂಚೆ 'ಜೇಡರ ಬಲೆ' ಬಂದಿತ್ತು. ಗೋವಾ ಆಮೇಲೆ. 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', ಅದರಲ್ಲಿ ನಾಯಕಿ ರೇಖಾ, ಮುಂದೆ ಹಿಂದಿಯಲ್ಲಿ ತಾರೆಯಾದ ಅದೇ ರೇಖಾ. ಬಹಳ ವರ್ಷ ಬಿಟ್ಟು 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'.

ಅಣ್ಣಾವ್ರಅಭಿಮಾನಿ
ಒಪ್ಪಿದೆ, ತಪ್ಪಾಯಿತು. ಆದರೆ ನೋಡಿ, 999ರ ಕುರ್ಚಿಗೆ ಇನ್ನೊಬ್ಬರನ್ನು ಕೂರಿಸುವ ಯೋಚನೆ ಯಾರಿಗೂ ಬರಲಿಲ್ಲ. ಅದೇ ಮರ್ಯಾದೆ.

ಲೆಕ್ಕದಮೇಷ್ಟ್ರು
ಮರ್ಯಾದೆ ಉಳಿಯಿತು, ಸರಣಿ ಉಳಿಯಲಿಲ್ಲ. ನಾಲ್ಕಕ್ಕೆ ನಿಂತಿತು. ಅವರದು ಇಪ್ಪತ್ತೈದು. ಲೆಕ್ಕ ಲೆಕ್ಕವೇ.

ಅಣ್ಣಾವ್ರಅಭಿಮಾನಿ
ಮೇಷ್ಟ್ರೇ, ನೀವು ನಮ್ಮ ಬೀದಿಯಲ್ಲಿ ಈ ಮಾತು ಆಡಬೇಡಿ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಮಳೆನಾಡುಅಕ್ಕ
ಗಂಡಸರೆಲ್ಲ ಸೇರಿ ಗಂಡಸಿನ ಆಯ್ಕೆ ಮಾಡುತ್ತಿದ್ದೀರಿ, ನಡುವೆ ಒಂದು ಮಾತು. ಭಾರತಕ್ಕೆ ಬಾಂಡ್ ಬಂದ ಚಿತ್ರ 'ಆಕ್ಟೊಪಸಿ', 1983. ಉದಯಪುರದ ಸರೋವರದ ಅರಮನೆ, ಕಬೀರ್ ಬೇಡಿ, ಟೆನಿಸ್ ಆಡುವ ವಿಜಯ್ ಅಮೃತರಾಜ್, ಆಟೊರಿಕ್ಷಾದ ಬೆನ್ನಟ್ಟುವಿಕೆ, ಎಲ್ಲ ಇದೆ. ಜೊತೆಗೆ ಹಾವಾಡಿಗ, ಬೆಂಕಿಯ ಮೇಲೆ ನಡೆಯುವವನು, ಕತ್ತಿ ನುಂಗುವವನು, ಮೊಳೆಯ ಹಾಸಿಗೆ, ಒಂದೇ ಬೀದಿಯಲ್ಲಿ! ನಮ್ಮ ಮನೆಯಲ್ಲಿ ಅದನ್ನು ಹಾಸ್ಯಚಿತ್ರವೆಂದೇ ನೋಡುತ್ತೇವೆ. ಆಗ ಮೂರ್‌ಗೆ 55 ವರ್ಷ. ನಾಯಕಿಯರ ವಯಸ್ಸನ್ನು ಯಾರೂ ಅಷ್ಟು ದೂರ ಬೆಳೆಯಲು ಬಿಟ್ಟಿಲ್ಲ.

ಹೆಣ್ಣು ಬಾಂಡ್ ಬರಲಿ ಎಂದು ಕೇಳುತ್ತೇನೇನೋ ಎಂದು ಕಾಯಬೇಡಿ, ನನಗೆ ಬೇಡ. ಬಾಂಡ್ ಯಾವ ಬಣ್ಣದವನಾದರೂ ಆಗಲಿ, ಗಂಡಸೇ ಇರಲಿ ಎಂದು ನಿರ್ಮಾಪಕಿ ಬಾರ್ಬರಾ ಬ್ರಾಕಲಿಯವರೇ ಹೇಳಿದ್ದರು. ಅವನ ಹಳೆ ಕೋಟು ನಮಗೇಕೆ, ನಮ್ಮದೇ ಅಳತೆಗೆ ಹೊಸದು ಹೊಲಿಯಲಿ.

ಅಂದಹಾಗೆ 2015ರಲ್ಲಿ ನಮ್ಮ ಸೆನ್ಸಾರ್ ಮಂಡಳಿ ಬಾಂಡ್‌ನ ಮುತ್ತನ್ನು ಅರ್ಧಕ್ಕೆ ಕತ್ತರಿಸಿದ್ದು ನೆನಪಿದೆಯೇ? ಸಂಸ್ಕಾರಿ ಬಾಂಡ್ ಎಂದು ಜನ ಆಡಿಕೊಂಡು ನಕ್ಕಿದ್ದರು. ಕೊಲೆಗಳನ್ನು ಪೂರ್ತಿ ಉಳಿಸಿದ್ದರು.

ಬೈಟೂಬಾಬು
ಹಳೇಟಿಕೆಟ್ ಅವರ ರಿಮೋಟ್ ಅಂದು ಮಂಡಳಿಯ ಕೈಯಲ್ಲಿತ್ತು.

ಕಡಲೆಪುರಿ
ನಟ ಬದಲಾದರೆ ಜನ ಒಪ್ಪುತ್ತಾರೋ ಇಲ್ಲವೋ ಎಂಬ ಚಿಂತೆ ಇರುವವರು ನಮ್ಮ ಅತ್ತೆಯವರನ್ನು ಕೇಳಬೇಕು. ಅವರು ನೋಡುವ ಧಾರಾವಾಹಿಯಲ್ಲಿ ಹಿರಿಸೊಸೆಯ ಪಾತ್ರಧಾರಿ ಬದಲಾದಳು. ಸೋಮವಾರ "ಯಾರಿವಳು, ಕಳೆಯೇ ಇಲ್ಲ" ಎಂದರು. ಮಂಗಳವಾರ ಟಿವಿ ಹಾಕಲೇ ಇಲ್ಲ. ಬುಧವಾರ ಹಾಕಿದರು, ಮಾತಾಡಲಿಲ್ಲ. ಗುರುವಾರ ಅಡುಗೆಮನೆಗೆ ಬಂದು, "ಪಾಪ, ಆ ಹುಡುಗಿಗೆ ಎಷ್ಟು ಕಷ್ಟ ಕೊಡುತ್ತಾರೆ ನೋಡು" ಎಂದು ಕಣ್ಣು ಒರೆಸಿಕೊಂಡರು.

ಗುಪ್ತಕಡತ
ಕ್ರೇಗ್‌ಗೂ ಅದೇ ಸೋಮವಾರ ಬಂದಿತ್ತು. 2005ರ ಅಕ್ಟೋಬರ್‌ನಲ್ಲಿ ಅವನನ್ನು ಥೇಮ್ಸ್ ನದಿಯಲ್ಲಿ ದೋಣಿಯಲ್ಲಿ ಕರೆತಂದು ಪರಿಚಯಿಸಿದರು. ಸೂಟಿನ ಮೇಲೆ ಜೀವರಕ್ಷಕ ಜಾಕೆಟ್! ಬಾಂಡ್‌ಗೆ ಈಜು ಬಾರದೇ ಎಂದು ಪತ್ರಿಕೆಗಳು ಗೇಲಿ ಮಾಡಿದವು. ಕೂದಲು ಹೊಂಬಣ್ಣ, ಎತ್ತರ ಸಾಲದು ಎಂದು ಅಭಿಮಾನಿಗಳು ಬಹಿಷ್ಕಾರಕ್ಕೆಂದೇ ಜಾಲತಾಣ ತೆರೆದರು. ಮರುವರ್ಷ 'ಕ್ಯಾಸಿನೊ ರಾಯಲ್' ಸುಮಾರು 60 ಕೋಟಿ ಡಾಲರ್ ಗಳಿಸಿತು, 2012ರಲ್ಲಿ 'ಸ್ಕೈಫಾಲ್' 100 ಕೋಟಿ ದಾಟಿತು.

ಬರ್ಮಿಂಗ್‌ಹ್ಯಾಂಭಟ್ಟ
ನನ್ನ ಹೆದರಿಕೆ ನಟನ ಬಗ್ಗೆ ಅಲ್ಲ, ಯಜಮಾನರ ಬಗ್ಗೆ. ಅರವತ್ತು ವರ್ಷ ಇದು ಒಂದು ಮನೆತನದ ಅಂಗಡಿಯಾಗಿತ್ತು. ಕಬ್ಬಿ ಬ್ರಾಕಲಿ ಶುರುಮಾಡಿದರು, ಮಗಳು ಬಾರ್ಬರಾ, ಮಲಮಗ ಮೈಕೆಲ್ ವಿಲ್ಸನ್ ಮುಂದುವರಿಸಿದರು. ಈ ವರ್ಷದ ಫೆಬ್ರವರಿಯಲ್ಲಿ ಸೃಜನಶೀಲ ಹಿಡಿತವೆಲ್ಲ ಅಮೆಜಾನ್ ಎಂಜಿಎಂ ಕೈಗೆ ಹೋಯಿತು. ನಟನನ್ನು ಆರಿಸುವ ಕೆಲಸ ಬಾರ್ಬರಾ ಅವರ ಕೈಯಲ್ಲಿದ್ದಾಗ, ಎಲ್ಲರೂ ಬೇಡವೆಂದರೂ ಅವರು ಕ್ರೇಗ್‌ನನ್ನು ಹಟ ಹಿಡಿದು ತಂದರು. ಈಗ ಆ ಹಟ ಹಿಡಿಯುವವರು ಯಾರು? ನಾಳೆ ಬಾಂಡ್‌ನ ಬಾಲ್ಯ, ಮೇಲಧಿಕಾರಿಯ ಕಾರ್ಯದರ್ಶಿ ಮನಿಪೆನ್ನಿಯ ಮದುವೆ ಎಂದೆಲ್ಲ ಕಂತುಗಳಲ್ಲಿ ಬಂದರೆ ಆಶ್ಚರ್ಯವಿಲ್ಲ.

ಮಳೆನಾಡುಅಕ್ಕ
ಮನಿಪೆನ್ನಿಯ ಮದುವೆಯಾದರೆ ನಾನು ನೋಡುತ್ತೇನೆ. 1962ರಿಂದ ಕಾಯುತ್ತಿದ್ದಾಳೆ ಪಾಪ.

ಕಾಫಿಪುಡಿ
ಭಟ್ಟರೇ, ಅಷ್ಟು ಗಾಬರಿ ಬೇಡ. ಹೊಸ ನಿರ್ಮಾಪಕರು ಏಮಿ ಪ್ಯಾಸ್ಕಲ್ ಮತ್ತು ಡೇವಿಡ್ ಹೇಮನ್. ಹೇಮನ್ ಹ್ಯಾರಿ ಪಾಟರ್ ಚಿತ್ರಗಳನ್ನು ಮಾಡಿದವರು. ಅಲ್ಲಿ ಎರಡು ಚಿತ್ರಗಳಾದ ಮೇಲೆ ಶಾಲೆಯ ಮುಖ್ಯಸ್ಥ ಡಂಬಲ್‌ಡೋರ್ ಪಾತ್ರದ ರಿಚರ್ಡ್ ಹ್ಯಾರಿಸ್ ತೀರಿಕೊಂಡರು, ಮೈಕೆಲ್ ಗ್ಯಾಂಬನ್ ಬಂದರು. ಅದೇ ಗಡ್ಡ, ಬೇರೆ ಮನುಷ್ಯ. ಹಳೇಟಿಕೆಟ್ ಅವರೇ, ನಿಮ್ಮ ಮಗಳು ಅದನ್ನು ನೋಡಿರಬೇಕಲ್ಲ? ಆಗ ಈ ಪ್ರಶ್ನೆ ಕೇಳಿದ್ದಳೇ?

ಹಳೇಟಿಕೆಟ್
ಈಗಷ್ಟೇ ಕೇಳಿದೆ. "ಅಲ್ಲಿ ಡಂಬಲ್‌ಡೋರ್ ಸತ್ತ ಮೇಲೆ ಮತ್ತೆ ಬಂದು ಮುಂದಿನ ಶಾಲೆ ಸೇರಲಿಲ್ಲವಲ್ಲ ಅಪ್ಪಾ" ಎಂದಳು. ನಾನು ಸೋತೆ.

ಅಣ್ಣಾವ್ರಅಭಿಮಾನಿ
ಹುಡುಗಿಯನ್ನು ವಕೀಲಿ ಓದಿಸಿ.

ಅನುವಾದದಹುಳು
ವಿಷಯ ಬದಲಿಸುತ್ತಿದ್ದೇನೆ, ಕ್ಷಮೆ ಇರಲಿ. ಫ್ಲೆಮಿಂಗ್ ತೀರಿಕೊಂಡದ್ದು 1964ರ ಆಗಸ್ಟ್‌ನಲ್ಲಿ. ನಮ್ಮ ದೇಶದಲ್ಲಿ ಲೇಖಕ ಸತ್ತ ಮೇಲೆ 60 ವರ್ಷ ಹಕ್ಕುಸ್ವಾಮ್ಯ, ಅಂದರೆ 2024ರ ಕೊನೆಗೆ ಅವರ ಕಾದಂಬರಿಗಳ ಅವಧಿ ಇಲ್ಲಿ ಮುಗಿಯಿತು. ಇಂಗ್ಲೆಂಡಿನಲ್ಲಿ 70 ವರ್ಷ, ಅಲ್ಲಿ ಇನ್ನೂ ಹತ್ತು ವರ್ಷ ಕಾಯಬೇಕು. ಸಿನಿಮಾದವರ ಸಂಗೀತ, ಪಿಸ್ತೂಲು ನಳಿಗೆಯ ಆ ಚಿತ್ರ ಇವೆಲ್ಲ ಅವರದೇ, ಮುಟ್ಟುವಂತಿಲ್ಲ. ಕಾದಂಬರಿಯನ್ನು ಕನ್ನಡಕ್ಕೆ ತರಬಹುದು. 1953ರ ಮೊದಲ ಕಾದಂಬರಿಗೆ ಕೈ ಹಾಕಿದ್ದೇನೆ. ಬಾಂಡ್‌ನ ಮುಖ ಯಾರದೆಂದು ಓದುಗ ತಾನೇ ಆರಿಸಿಕೊಳ್ಳಲಿ, ಬಾಜಿ ಅಂಗಡಿ ಬೇಡ.

ಒಂದು ತೊಡಕು. ತನ್ನ ಮಾರ್ಟಿನಿ ಎಂಬ ಮದ್ಯ ಹೇಗಿರಬೇಕೆಂದು ಅವನು ಕೊಡುವ, ಸಿನಿಮಾದಿಂದ ಮನೆಮಾತಾದ 'ಶೇಕನ್, ನಾಟ್ ಸ್ಟರ್ಡ್' ಎಂಬ ಸೂಚನೆಯನ್ನು ಕನ್ನಡದಲ್ಲಿ ಹೇಗೆ ಹೇಳುತ್ತೀರಿ?

ಚೌಕಿಮನೆ
ಕುಲುಕಿದ್ದು, ಕಲಕಿದ್ದಲ್ಲ.

ಅನುವಾದದಹುಳು
ಮಾರಾಯರೇ! ಎರಡು ವಾರದಿಂದ ಒದ್ದಾಡುತ್ತಿದ್ದೆ. ಎರಡೇ ಕೊಂಬಿನ ವ್ಯತ್ಯಾಸ.

ಬೈಟೂಬಾಬು
ಬಾಂಡ್ ಬಸವನಗುಡಿಯಲ್ಲಿದ್ದರೆ ಎರಡೂ ಬೇಡ, ಡಬರಿಯಿಂದ ಲೋಟಕ್ಕೆ ಎತ್ತಿ ಹುಯ್ಯಿ ಎನ್ನುತ್ತಿದ್ದ.

ಹಳೇಟಿಕೆಟ್ | 2025 ಆಗಸ್ಟ್ 16, ರಾತ್ರಿ 9.15

ಎಲ್ಲರಿಗೂ ವಂದನೆ. ಉತ್ತರ ಇನ್ನೂ ಸಿಕ್ಕಿಲ್ಲ. ಮಗಳಿಗೆ ಕೌರವನ ಮಾತು ಹೇಳಿದೆ, ಹಾಗಾದರೆ ಆಟ ತೋರಿಸು ಎಂದು ಹಟ ಹಿಡಿದಿದ್ದಾಳೆ. ಚೌಕಿಮನೆಯವರೇ, ಮಳೆಗಾಲ ಮುಗಿದ ಮೇಲೆ ನಿಮ್ಮ ಊರಿನ ಕಡೆ ಬರಬೇಕಾಗಬಹುದು.

ಲೇಜನ್‌ಬಿಯ ಕಥೆ ಓದಿದ ಮೇಲೆ ಇಂದು ಮೂರು ತಲೆಮಾರೂ ಕುಳಿತು 1969ರ ಚಿತ್ರ ನೋಡಿದೆವು. ಅಪ್ಪ ಪತ್ರಿಕೆಯೊಂದಿಗೆ ಹಾಜರ್. ಮೊದಲ ದೃಶ್ಯದಲ್ಲಿ ಬಾಂಡ್ ಇಬ್ಬರನ್ನು ಬಡಿದು ಹಾಕುವಷ್ಟರಲ್ಲಿ ನಾಯಕಿ ಕಾರು ಹತ್ತಿ ಓಡಿಹೋಗುತ್ತಾಳೆ. ಅವನು ನಮ್ಮ ಕಡೆ ತಿರುಗಿ, ಆ ಇನ್ನೊಬ್ಬನಿಗೆ ಯಾವತ್ತೂ ಹೀಗಾಗಿರಲಿಲ್ಲ ಎನ್ನುತ್ತಾನೆ.

"ಯಾರು ತಾತಾ ಆ ಇನ್ನೊಬ್ಬ?" ಎಂದು ಮಗಳು ಕೇಳಿದಳು.

ಅಪ್ಪ ಪತ್ರಿಕೆ ಮಡಚಿ ಪಕ್ಕಕ್ಕಿಟ್ಟರು. "ಬಾ ಇಲ್ಲಿ, ಹೇಳುತ್ತೇನೆ" ಎಂದರು. ಚಿತ್ರ ನಿಲ್ಲಿಸಿ ಈಗ ಒಂದು ಗಂಟೆಯಾಯಿತು, ಇನ್ನೂ ಹೇಳುತ್ತಲೇ ಇದ್ದಾರೆ.

ಬೈಟೂಬಾಬು
ಗೆಲಾಕ್ಸಿಯೋ ರೆಕ್ಸೋ ಎಂದೂ ಅವರನ್ನೇ ಕೇಳಿ.